ಗಂಡನಿರುವಾಗಲೇ ಬರೆದ ಉಯಿಲು

ಇಂಗ್ಲೆಂಡಿನಲ್ಲಿ ನಾನು ನೆಲೆಸಿರುವ ಊರಿನ ಇತಿಹಾಸ ಸಂಘಕ್ಕಾಗಿ ಹತ್ತೊಂಬತ್ತನೇ ಶತಮಾನದ ಉಯಿಲುಗಳನ್ನು ಓದಿ ನಕಲು ಮಾಡುತ್ತೇನೆ. ಗಂಡಸರು, ವಿಧವೆಯರು, ಮದುವೆಯಾಗದ ಹೆಂಗಸರು ಬರೆದವು ಬೇಕಾದಷ್ಟು ಸಿಗುತ್ತವೆ. ಗಂಡ ಬದುಕಿರುವಾಗಲೇ ಹೆಂಡತಿ ಬರೆದದ್ದು ಅಪರೂಪ. ಅಂಥದ್ದು ಸಿಕ್ಕಾಗ ಯಾರಿಗೆ ಏನು ಕೊಟ್ಟಿದ್ದಾಳೆ ಎಂದು ಮೊದಲು ನೋಡುವುದಿಲ್ಲ. ಯಾವ ಹಕ್ಕಿನಿಂದ ಕೊಡುತ್ತಿದ್ದಾಳೆ ಎಂದು ನೋಡುತ್ತೇನೆ. ಆ ಮಾತು ಸಾಮಾನ್ಯವಾಗಿ ಆರಂಭದ ಸಾಲುಗಳಲ್ಲೇ ಇರುತ್ತದೆ.

ಏಕೆಂದರೆ ಅಲ್ಲಿನ ಕಾನೂನಿನಂತೆ ತಾಳಿಬಿದ್ದ ಕ್ಷಣದಿಂದ ಎಂಬಂತೆ ಅವಳ ಹಣ, ಒಡವೆ, ಪಾತ್ರೆಪಗಡಿ ಎಲ್ಲವೂ ಗಂಡನ ಪಾಲಾಗುತ್ತಿದ್ದವು. 1837ರ ಉಯಿಲು ಕಾಯ್ದೆಯೂ ಈ ಕಟ್ಟನ್ನು ಸಡಿಲಿಸಲಿಲ್ಲ. ಅವಳಿಗೆ ಉಳಿದಿದ್ದ ಒಂದು ದಾರಿ ಗಂಡನ ಒಪ್ಪಿಗೆ. ಅದಕ್ಕೂ ಭದ್ರತೆಯಿರಲಿಲ್ಲ: ಅವಳು ಸತ್ತ ಮೇಲೂ ಪ್ರೊಬೇಟ್, ಅಂದರೆ ನ್ಯಾಯಾಲಯದ ದೃಢೀಕರಣ, ಆಗುವವರೆಗೆ ಅವನು ಒಪ್ಪಿಗೆಯನ್ನು ಹಿಂದೆಗೆದುಕೊಳ್ಳಬಹುದಿತ್ತು, ಅವನೇ ಮೊದಲು ಸತ್ತರೆ ಆ ಒಪ್ಪಿಗೆಗೆ ಬೆಲೆಯೇ ಇರಲಿಲ್ಲ. ಗಟ್ಟಿಯಾದ ದಾರಿಯೆಂದರೆ ವಿವಾಹದ ಕರಾರು. ಹಣವನ್ನೋ ಜಮೀನನ್ನೋ ಟ್ರಸ್ಟಿಗಳ ಕೈಗೆ ಒಪ್ಪಿಸಿ, ಅದು ಅವಳ ಸ್ವಂತದ್ದೆಂದೂ ಉಯಿಲಿನ ಮೂಲಕ ಹಂಚುವ ಅಧಿಕಾರ ಅವಳಿಗಿದೆಯೆಂದೂ ಬರೆಸುತ್ತಿದ್ದರು. ಹಾಗಾಗಿ ಉಯಿಲಿನಲ್ಲಿ ಕರಾರಿನ ತಾರೀಖು ಕಂಡೊಡನೆ ಅದನ್ನು ಬರೆದಿಟ್ಟುಕೊಂಡು ಕೌಂಟಿಯ ಪತ್ರಾಗಾರದಲ್ಲಿ ಮೂಲ ಪತ್ರ ಹುಡುಕುತ್ತೇನೆ. ಅದು ಸಿಗದಿದ್ದರೆ ಅವಳ ತಂದೆಯ ಉಯಿಲು.

ಇದನ್ನು ಓದುವಾಗ ನಮ್ಮ ಸ್ತ್ರೀಧನ ನೆನಪಾಗದೆ ಇರುವುದಿಲ್ಲ. ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ವಿಜ್ಞಾನೇಶ್ವರ ಮಿತಾಕ್ಷರವನ್ನು ಬರೆದ. ಅವನು ವ್ಯಾಖ್ಯಾನಿಸಿದ ಯಾಜ್ಞವಲ್ಕ್ಯ ಸ್ಮೃತಿಯು ಬರಗಾಲ, ಧರ್ಮಕಾರ್ಯ, ರೋಗ, ಸೆರೆಯಂಥ ಸಂಕಟಗಳಲ್ಲಿ ಗಂಡ ಸ್ತ್ರೀಧನವನ್ನು ಬಳಸಿದರೆ ಹಿಂದಿರುಗಿಸಬೇಕಿಲ್ಲ ಎನ್ನುತ್ತದೆ; ಅಂದರೆ ಉಳಿದಂತೆ ಹಿಂದಿರುಗಿಸಲೇಬೇಕು. ನಮ್ಮ ಮನೆಗಳಲ್ಲಿ ಅದು ಎಷ್ಟು ಪಾಲನೆಯಾಯಿತು ಎಂಬುದು ಬೇರೆ ಮಾತು. ಆದರೆ ಆ ಧನ ಹೆಂಡತಿಯದು ಎಂಬುದನ್ನು ಶಾಸ್ತ್ರ ಒಪ್ಪಿತ್ತು. ಇಂಗ್ಲೆಂಡಿನಲ್ಲಿ ಅಷ್ಟಕ್ಕೂ ವಕೀಲರಿಗೆ ಹಣ ತೆತ್ತು ಕರಾರು ಮಾಡಿಸಬೇಕಿತ್ತು. ಬಡವರ ಮನೆಯ ಹೆಣ್ಣಿಗೆ ಅದೆಲ್ಲಿ ಸಾಧ್ಯ?

ನನಗೆ ತುಂಬ ಹಿಡಿಸಿದ ಒಂದು ಉಯಿಲಿನಲ್ಲಿ ಕಪ್ಪು ರೇಷ್ಮೆಯ ನಿಲುವಂಗಿ ತಂಗಿಗೆ, ಬೆಳ್ಳಿಯ ಚಮಚಗಳು ದೊಡ್ಡ ಮಗಳಿಗೆ, ಗರಿ ತುಂಬಿದ ಹಾಸಿಗೆ ಚಿಕ್ಕವಳಿಗೆ. ಗೆಳತಿಯೊಬ್ಬಳಿಗೆ ಹತ್ತೊಂಬತ್ತು ಗಿನಿ. ಈ ವಿಚಿತ್ರ ಮೊತ್ತ ಆ ಕಾಲದ ಉಯಿಲುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಒಂದು ಗಿನಿಗೆ 21 ಶಿಲ್ಲಿಂಗ್, ಒಂದು ಪೌಂಡಿಗೆ 20. ಹತ್ತೊಂಬತ್ತು ಗಿನಿಯೆಂದರೆ 19 ಪೌಂಡ್ 19 ಶಿಲ್ಲಿಂಗ್. 20 ಪೌಂಡ್ ಮುಟ್ಟಿದರೆ ತೆರಿಗೆ ಬೀಳುತ್ತಿತ್ತು. ಮಕ್ಕಳಿಗಾದರೆ ನೂರಕ್ಕೆ 1, ಒಡಹುಟ್ಟಿದವರಿಗೆ 3, ನೆಂಟರಲ್ಲದವರಿಗೆ 10. ಒಂದು ಶಿಲ್ಲಿಂಗ್ ಕಡಿಮೆ ಬರೆದು ಗೆಳತಿಯ ಕೈಗೆ ಪೂರ್ತಿ ಹಣ ಸೇರುವಂತೆ ನೋಡಿಕೊಂಡಿದ್ದಾಳೆ. ಈ ತೆರಿಗೆಯ ರಿಜಿಸ್ಟರುಗಳು, 1796ರಿಂದ 1903ರವರೆಗಿನವು, ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಉಯಿಲಿನಲ್ಲಿ ಬರಿಯ ಹೆಸರಿದ್ದರೂ ಇಲ್ಲಿ ಎಷ್ಟೋ ವೇಳೆ ನಂಟು ಏನೆಂದು ಬರೆದಿರುತ್ತದೆ. ಹೆಚ್ಚಿನವರು ಈ ಪುಸ್ತಕಗಳ ತಂಟೆಗೇ ಹೋಗುವುದಿಲ್ಲ. ನನಗಂತೂ ಇವಿಲ್ಲದೆ ಕೈಕಟ್ಟಿದಂತಾಗುತ್ತದೆ.

ಅದೇ ಉಯಿಲಿನಲ್ಲಿ ಹೆಣ್ಣುಮಕ್ಕಳ ಪಾಲಿನ ಜೊತೆಗೆ ಒಂದು ಷರತ್ತಿದೆ: ಈ ಹಣ ಅವರ ಸ್ವಂತ ಬಳಕೆಗೆ, ಈಗಿನ ಗಂಡನಾಗಲಿ ಮುಂದಿನ ಗಂಡನಾಗಲಿ ಅದರ ಮೇಲೆ ಅಧಿಕಾರ ನಡೆಸುವಂತಿಲ್ಲ, ಅವನ ಸಾಲಕ್ಕೂ ಅದು ಹೋಗಕೂಡದು. ವಕೀಲರ ಸಿದ್ಧ ಮಾತು ಇದು, ಸಾವಿರಾರು ಪತ್ರಗಳಲ್ಲಿದೆ. ಆದರೂ ತಾಯಿಯೊಬ್ಬಳು ಅದನ್ನು ಬರೆಸಿದ್ದಾಳೆಂದರೆ ನನಗೆ ಅದು ಬರಿಯ ಸಿದ್ಧ ಮಾತಾಗಿ ಕಾಣುವುದಿಲ್ಲ.

ಹುಡುಕುವವರು ತಾರೀಖನ್ನು ಗಮನದಲ್ಲಿಟ್ಟುಕೊಳ್ಳಬೇಕು. 1858ರ ಜನವರಿ 12ಕ್ಕೆ ಮುಂಚಿನ ಉಯಿಲುಗಳು ಚರ್ಚಿನ ನ್ಯಾಯಾಲಯಗಳವು. ಅಲ್ಲಿಂದ ಮುಂದೆ ಸರ್ಕಾರದ ಅಚ್ಚಾದ ವಾರ್ಷಿಕ ಪಟ್ಟಿಗಳಿವೆ. 1870ರ ಕಾಯ್ದೆ ಹೆಂಡತಿಗೆ ಅವಳ ದುಡಿಮೆಯ ಸಂಬಳವನ್ನು ಬಿಟ್ಟುಕೊಟ್ಟಿತು. 1882ರ ಕಾಯ್ದೆ ಜಾರಿಗೆ ಬಂದ 1883ರ ಜನವರಿ 1ರ ನಂತರ ಮದುವೆಯಾದವಳು ತನ್ನದೆಲ್ಲವನ್ನೂ ತನಗೆ ಬೇಕಾದವರಿಗೆ ಬರೆಯಬಹುದಾಯಿತು. ಅದಕ್ಕೆ ಮೊದಲೇ ಮದುವೆಯಾದವಳಿಗೆ ಆಮೇಲೆ ಕೈಸೇರಿದ ಆಸ್ತಿಯಲ್ಲಿ ಮಾತ್ರ ಆ ಹಕ್ಕು. ಆದ್ದರಿಂದ 1890ರ ಉಯಿಲಾದರೂ ಅವಳ ಮದುವೆಯ ವರ್ಷವನ್ನು ಚರ್ಚಿನ ರಿಜಿಸ್ಟರಿನಲ್ಲಿ ನೋಡಿಕೊಂಡೇ ನಕಲಿಗೆ ಟಿಪ್ಪಣಿ ಬರೆಯುತ್ತೇನೆ.