ಮಂತ್ರ ಹಾಕಿದರೆ ಬಾವಿ ಬತ್ತುವ ಲೋಕ

ಡಿ ಅಂಡ್ ಡಿ, ಅಂದರೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಮೇಜಿನ ಸುತ್ತ ಕೂತು ದಾಳ ಉರುಳಿಸಿ ಕತೆ ಕಟ್ಟುವ ಆಟ. ಅದರಲ್ಲಿ ದೇವರ ಬಲದಿಂದ ಮಂತ್ರ ಹಾಕುವ ಕ್ಲೆರಿಕ್ ಪಾತ್ರ ಆಡುವವರಿಗೆ ಮೊದಲ ಲೆವೆಲ್‌ನಲ್ಲೇ ಒಂದು ಸ್ಪೆಲ್ (ಮಂತ್ರ) ಸಿಗುತ್ತದೆ. ಹೆಸರು ಕ್ರಿಯೇಟ್ ಆರ್ ಡಿಸ್ಟ್ರಾಯ್ ವಾಟರ್. ಒಂದು ಸಲ ಹಾಕಿದರೆ 10 ಗ್ಯಾಲನ್ ನೀರು, ಅಂದರೆ ಸುಮಾರು 38 ಲೀಟರ್. ನಮ್ಮ ಮನೆಯ ಕೊಡಪಾನದ ಲೆಕ್ಕದಲ್ಲಿ ಎರಡೂವರೆ ಕೊಡ. ಅದು ಎಲ್ಲಿಂದ ಬಂತು ಅಂತ ಯಾರೂ ಕೇಳುವುದಿಲ್ಲ. ನಾಲ್ಕು ವರ್ಷ ಡಂಜನ್ ಮಾಸ್ಟರ್ ಆಗಿ ಆಟ ನಡೆಸಿದ ನಾನೂ ಕೇಳಿರಲಿಲ್ಲ.

ಕಳೆದ ಏಪ್ರಿಲ್‌ನಲ್ಲಿ ಕಾಸರಗೋಡಿನ ಪೆರ್ಲದ ನಮ್ಮ ಮನೆಯ ಜಗಲಿಯಲ್ಲಿ ಆಡುತ್ತಿದ್ದೆವು. ಅತ್ತೆ ಮಗಳು ಈ ಸ್ಪೆಲ್ ಹಾಕಿದಳು. ಅದೇ ಹೊತ್ತಿಗೆ ಒಳಗಿಂದ ಅಮ್ಮನ ಸ್ವರ ಕೇಳಿಸಿತು. "ಪಂಪು ನಿಲ್ಸು, ಬಾವಿಲಿ ನೀರಿಲ್ಲೆ." ಮೇಜಿನ ಸುತ್ತ ಇದ್ದ ಐದೂ ಜನ ಒಂದು ಕ್ಷಣ ಸುಮ್ಮನಾದೆವು. ಆಟಕ್ಕಾಗಿ ನಾನು ಕಟ್ಟಿದ ಕತ್ತಲ ಲೋಕ ಹುಟ್ಟಿದ್ದು ಅಲ್ಲಿ.

ಅದಕ್ಕೂ ಮೊದಲು ಅಂಥ ಲೋಕ ಕಟ್ಟಲು ಒಂದು ಸಲ ಪ್ರಯತ್ನ ಮಾಡಿ ಸೋತಿದ್ದೆ. ನಾವು ಆಡುವುದು ಫರ್ಗಾಟನ್ ರೆಲ್ಮ್ಸ್ ಲೋಕದಲ್ಲಿ. ಎಡ್ ಗ್ರೀನ್‌ವುಡ್ ಹುಡುಗನಾಗಿದ್ದಾಗಲೇ ಕಲ್ಪಿಸಲು ಶುರು ಮಾಡಿದ ಈ ಲೋಕ 1987ರಲ್ಲಿ ಡಿ ಅಂಡ್ ಡಿಗೆ ಬಂತು. ದೊಡ್ಡ ಪೇಟೆಗಳು, ಲೆಕ್ಕವಿಲ್ಲದಷ್ಟು ದೇವರುಗಳು, ಊರೂರಿಗೂ ಮಂತ್ರ ಬಲ್ಲವರು. ಇದನ್ನು ಕಪ್ಪಾಗಿಸಬೇಕು ಅಂತ ನಾನು ಮಾಡಿದ್ದೇನೆಂದರೆ, ದಾರಿಯುದ್ದಕ್ಕೂ ಹೆಣ ಹಾಕಿದೆ. ಸಿಕ್ಕವರೆಲ್ಲ ಮೋಸಗಾರರು. ರಾಜ ಕೆಟ್ಟವನು, ಪೂಜಾರಿಯೂ ಕೆಟ್ಟವನು. ಮೂರನೇ ಸೆಷನ್ ಮುಗಿಯುವಾಗ ಭಾವ ದಾಳ ಕೆಳಗಿಟ್ಟು ಕೇಳಿದರು, "ಎಲ್ಲರೂ ಸಾಯುವವರೇ ಆದ್ರೆ ನಾವು ಯಾರನ್ನು ಉಳಿಸ್ಲಿಕ್ಕೆ ಹೊರಟದ್ದು ಮಾರಾಯ?" ಅವರು ಹೇಳಿದ್ದು ಸರಿ. ಅಂಥ ಲೋಕದಲ್ಲಿ ಕಳೆದುಕೊಳ್ಳುವುದಕ್ಕೆ ಏನೂ ಇರುವುದಿಲ್ಲ.

ಆಮೇಲೆ ಡಿ ಅಂಡ್ ಡಿಯ ಹಳೆಯ ಕತ್ತಲ ಲೋಕಗಳನ್ನು ಮತ್ತೆ ತೆಗೆದು ನೋಡಿದೆ. 1983ರ ರೇವನ್‌ಲಾಫ್ಟ್‌ನಲ್ಲಿ ಕಣಿವೆಗೆ ಕವಿದ ಕತ್ತಲೆಲ್ಲ ಸ್ಟ್ರಾಡ್ ಎಂಬ ರಕ್ತಪಿಶಾಚಿಯೊಬ್ಬನ ಆಸೆಯಿಂದ ಹುಟ್ಟಿದ್ದು. 1991ರ ಡಾರ್ಕ್ ಸನ್‌ನಲ್ಲಿ ಎಚ್ಚರವಿಲ್ಲದೆ ಮಂತ್ರ ಹಾಕಿದರೆ ಸುತ್ತಲಿನ ಗಿಡಮರಗಳ ಜೀವ ಹೀರಿಹೋಗಿ ನೆಲ ಬೂದಿಯಾಗುತ್ತದೆ. ಎರಡರಲ್ಲೂ ಕತ್ತಲಿಗೆ ತಲಾ ಒಂದೇ ಬೇರು. ಉಳಿದದ್ದೆಲ್ಲ ಆ ಬೇರಿನಿಂದ ಬೆಳೆದದ್ದು. ನಾನು ಹಾಗೆ ಒಂದು ಬೇರು ಇಡದೆ ಬರೀ ಮೇಲಿಂದ ಕಪ್ಪು ಬಳಿದಿದ್ದೆ.

ರೆಲ್ಮ್ಸ್‌ನಲ್ಲಿ ಎಲ್ಲ ಮಂತ್ರಕ್ಕೂ ಆಧಾರ ವೀವ್. ಮಿಸ್ಟ್ರಾ ದೇವಿ ಕಾಯುವ, ಲೋಕಕ್ಕೆಲ್ಲ ಹಬ್ಬಿದ ಮಂತ್ರದ ಬಲೆ. ನಮ್ಮ ಮೇಜಿನಲ್ಲಿ ಅದನ್ನು ನೇಯ್ಗೆ ಅನ್ನುತ್ತೇವೆ. ಕನ್ನಡದಲ್ಲಿ ಹಾಗೆ ಕರೆದದ್ದೇ ನನಗೆ ದಾರಿ ತೋರಿಸಿತು. ನೇಯ್ದ ಬಟ್ಟೆಯಿಂದ ಒಂದು ಎಳೆ ಎಳೆದರೆ ಇನ್ನೊಂದು ಕಡೆ ಬಟ್ಟೆ ತೆಳ್ಳಗಾಗಲೇಬೇಕು, ಅಲ್ವಾ? ಹಾಗಾದರೆ ಆ 38 ಲೀಟರ್ ನೀರು ಸುಮ್ನೆ ಹುಟ್ಟಿದ್ದಲ್ಲ. ಯಾರದೋ ಬಾವಿಯಿಂದ ಬಂದದ್ದು. ಗಾಯ ವಾಸಿಯಾದದ್ದೂ ಹಾಗೇ, ಬೆಂಕಿ ಉಂಡೆ ಹಾರಿದ್ದೂ ಹಾಗೇ. ಮಂತ್ರ ನೀರು ಕುಡಿಯುತ್ತದೆ. ಇದೊಂದನ್ನು ಬದಲಿಸಿದೆ, ಬೇರೆ ಏನನ್ನೂ ಮುಟ್ಟಲಿಲ್ಲ. ದೇವರುಗಳು ಒಳ್ಳೆಯವರೇ. ಊರಿನ ಜನರೂ ಒಳ್ಳೆಯವರೇ.

ಕತೆಗೆ ಫ್ಯಾಂಡಲಿನ್ ಆರಿಸಿಕೊಂಡೆ. 2014ರ ಸ್ಟಾರ್ಟರ್ ಸೆಟ್ ಆಡಿದವರಿಗೆಲ್ಲ ಗೊತ್ತಿರುವ ಸಣ್ಣ ಊರು. ಅದಕ್ಕೆ ಏಳು ಬಾವಿ ಕೊಟ್ಟೆ. ಮೇಜಿನ ಮೇಲೆ ಏಳು ಗೆರಟೆ (ತೆಂಗಿನ ಚಿಪ್ಪು), ಒಂದೊಂದರಲ್ಲಿ ಆರು ಒಣ ಅಡಿಕೆ, ಪಕ್ಕದಲ್ಲಿ ಬಾವಿ ಯಾರದು ಅಂತ ಚೀಟಿ. ಸ್ಪೆಲ್ ಎಷ್ಟನೇ ಲೆವೆಲ್‌ನದೋ ಅಷ್ಟು ಅಡಿಕೆ ಹೊರಗೆ. ಕ್ಯಾಂಟ್ರಿಪ್ ಎಂಬ ಸಣ್ಣ ಮಂತ್ರಗಳಿಗೆ ಲೆಕ್ಕ ಇಲ್ಲ. ಜೊತೆಗೆ 2014ರ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲಿದ್ದ ಗ್ರಿಟ್ಟಿ ರಿಯಲಿಸಂ ನಿಯಮ ಹಾಕಿದೆ. ಅದರಲ್ಲಿ ಲಾಂಗ್ ರೆಸ್ಟ್, ಅಂದರೆ ಖಾಲಿಯಾದ ಮಂತ್ರಗಳು ವಾಪಸ್ ಸಿಗುವ ವಿಶ್ರಾಂತಿ, ಎಂಟು ಗಂಟೆಯಲ್ಲ, 7 ದಿನ. ವಾರಕ್ಕೊಮ್ಮೆ ಆರು ಮುಖದ ದಾಳ ಉರುಳಿಸಿ ಬಂದಷ್ಟು ಅಡಿಕೆ ವಾಪಸ್. ಬೇಸಿಗೆಯಲ್ಲಿ ಅದೂ ಇಲ್ಲ.

ಮೊದಲು ಯಾವ ಬಾವಿ ಬತ್ತಬೇಕೆಂದು ನಾನೇ ಗುಟ್ಟಾಗಿ ದಾಳ ಹಾಕಿ ನಿರ್ಧರಿಸುತ್ತಿದ್ದೆ. ಅದು ಸರಿಹೋಗಲಿಲ್ಲ. ನಾನು ಅವರಿಗೆ ಶಿಕ್ಷೆ ಕೊಟ್ಟ ಹಾಗೆ ಆಯಿತು. ಆಮೇಲೆ ನಿಯಮ ತಿರುಗಿಸಿದೆ. ಸ್ಪೆಲ್ ಹಾಕುವವರೇ ಬಾವಿ ಆರಿಸಬೇಕು, ಬಾಯಿಬಿಟ್ಟು ಹೆಸರು ಹೇಳಬೇಕು. ಆಟ ಕಪ್ಪಾದದ್ದು ಆ ದಿನದಿಂದ.

ಒಂದು ಹೊತ್ತು ಈಗಲೂ ಕಣ್ಣಮುಂದೆ ಇದೆ. ಗಾಬ್ಲಿನ್ ಬಾಣ ತಾಗಿ ಹುಡುಗನೊಬ್ಬ ಸಾಯುತ್ತಿದ್ದ. ಗಾಯ ವಾಸಿಮಾಡುವ ಕ್ಯೂರ್ ವೂಂಡ್ಸ್ ಮಂತ್ರಕ್ಕೆ ಬೇಕಾದದ್ದು ಒಂದೇ ಅಡಿಕೆ. ಆದರೆ ಅಷ್ಟರಲ್ಲಿ ಉಳಿದದ್ದೂ ಒಂದೇ, ಅದೂ ಇವರು ಉಳಿದುಕೊಂಡಿದ್ದ ಸ್ಟೋನ್‌ಹಿಲ್ ಇನ್‌ನ ಗೆರಟೆಯಲ್ಲಿ. ಅತ್ತೆ ಮಗಳು ಅಡಿಕೆಯನ್ನು ಎರಡು ಬೆರಳಲ್ಲಿ ಹಿಡಿದು ಬಹಳ ಹೊತ್ತು ಕೂತಳು. ಆಮೇಲೆ ಮೆಲ್ಲ ಹೆಸರು ಹೇಳಿದಳು. ಹುಡುಗ ಬದುಕಿದ. ಮರುದಿನ ಬೆಳಗ್ಗೆ ಇನ್‌ನ ಹೆಂಗಸು ಬಾವಿಗೆ ಕೊಡ ಇಳಿಸಿದಳು. ಹಗ್ಗ ಇಳಿಯಿತು, ಇಳಿಯಿತು, ಕೊಡ ಕಲ್ಲಿಗೆ ಬಡಿಯಿತು. ನಾನು ಅಷ್ಟೇ ಹೇಳಿದ್ದು. ಅತ್ತೆ ಮಗಳು ಎದ್ದು ಹೋಗಿ ಮುಖ ತೊಳೆದು ಬಂದಳು.

ಹಾಗಾಗಿ ಮಿತಿಯ ಮಾತೂ ಹೇಳಲೇಬೇಕು. ಶುರು ಮಾಡುವ ಮೊದಲು ಒಂದು ಸಂಜೆ ಇಡೀ ಕೂತು, ಈ ಆಟದಲ್ಲಿ ಏನು ಬರಬಾರದು ಅಂತ ಎಲ್ಲರನ್ನೂ ಕೇಳಿದ್ದೆ. ಒಬ್ಬರು ಹೇಳಿದರು, "ಗೇರು ಗುಡ್ಡದ ಸುದ್ದಿ ಬೇಡ." ಅದರ ಮೇಲೆ ವಿವರ ಬೇಕಾಗಲಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಊರುಗಳು ನಮ್ಮವು. ವಿಷದ ನೀರು, ಕಾಯಿಲೆಯಲ್ಲಿ ಹುಟ್ಟುವ ಮಕ್ಕಳು, ಇದ್ಯಾವುದನ್ನೂ ನಾನು ತರಲಿಲ್ಲ. ನನ್ನ ಬಾವಿಗಳು ಬತ್ತುತ್ತವೆ, ಆದರೆ ಕೆಡುವುದಿಲ್ಲ. ಜನರ ನಿಜವಾದ ನೋವನ್ನು ಕೇಳದೆ ಎತ್ತಿ ಆಟಕ್ಕೆ ಹಾಕುವುದು ತಪ್ಪು ಅಂತಲೇ ನನ್ನ ನಂಬಿಕೆ.

ಇದರಿಂದ ಹೊರಗೆ ಬರುವ ದಾರಿಯನ್ನು ನಾನು ಬರೆದಿರಲಿಲ್ಲ. ಅದನ್ನು ಕಂಡದ್ದು ರೋಗ್ ಎಂಬ ಕಳ್ಳನ ಪಾತ್ರ ಆಡುತ್ತಿದ್ದ ನೆರೆಮನೆಯ ಹುಡುಗ. "ಅಣ್ಣಾ, ಈ ಊರಲ್ಲಿ ಸುರಂಗ ತೆಗೆದ್ರೆ ಆಗ್ಲಿಕ್ಕಿಲ್ವಾ?"

ಕಾಸರಗೋಡಿನ ಹೊರಗಿನವರಿಗೆ ಒಂದು ಮಾತು. ನಮ್ಮಲ್ಲಿ ನೀರಿಗಾಗಿ ನೆಲ ತೋಡುವ ಹಾಗೆ ಗುಡ್ಡವನ್ನೂ ತೋಡುತ್ತಾರೆ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ, ಒಬ್ಬ ಮನುಷ್ಯ ಹೋಗುವಷ್ಟೇ ಅಗಲಕ್ಕೆ ಕೊರೆಯುತ್ತಾ ಹೋಗುತ್ತಾರೆ. ಒಳಗೆ ಜಿನುಗಿದ ನೀರು ತಾನಾಗಿ ಹೊರಗೆ ಹರಿದು ಬರುತ್ತದೆ, ಪಂಪು ಬೇಡ. ತೋಡುವವರು ಮೊಂಬತ್ತಿ ಹಚ್ಚಿಕೊಂಡು ಒಳಗೆ ಹೋಗುತ್ತಾರೆ. ಅದು ನಂದಿತೆಂದರೆ ಒಳಗೆ ಗಾಳಿ ಸಾಲದು, ಕೂಡಲೇ ಹೊರಗೆ ಬರಬೇಕು.

ಎರಡು ಸೆಷನ್ ಪೂರ್ತಿ ಸುರಂಗವೇ ಆಯಿತು. ಮಂತ್ರ ಇಲ್ಲ, ಯುದ್ಧವೂ ಇಲ್ಲ. ಲೈಟ್ ಆರಿಸಿ ಮೇಜಿನ ನಡುವೆ ಒಂದು ಮೊಂಬತ್ತಿ ಇಟ್ಟೆ. ಒಂದೊಂದು ಮೊಳ ತೋಡಲು 20 ಮುಖದ ದಾಳ ಹಾಕಿ ಕಾನ್ಸ್ಟಿಟ್ಯೂಷನ್ ಚೆಕ್, ಅಂದರೆ ದೇಹಬಲದ ಪರೀಕ್ಷೆ. ಸೋತರೆ ಒಂದು ಲೆವೆಲ್ ಎಕ್ಸಾಷನ್ (ದಣಿವು). ಅದು ಆರಕ್ಕೆ ಮುಟ್ಟಿದರೆ ಸಾವು. ಭಾವನದ್ದು ನಾಲ್ಕಕ್ಕೆ ಬಂದಿತ್ತು. ಇಷ್ಟು ವರ್ಷದಲ್ಲಿ ಯಾವ ಡ್ರ್ಯಾಗನ್ ಎದುರೂ ಅವರು ಅಷ್ಟು ಉಸಿರು ಬಿಗಿಹಿಡಿದು ದಾಳ ಉರುಳಿಸಿದ್ದನ್ನು ನಾನು ನೋಡಿಲ್ಲ.

ಹದಿನೆಂಟು ಬಂತು. ಗೋಡೆ ತಣ್ಣಗಿದೆ, ಅಂದೆ. ಕೈ ಇಟ್ಟರೆ ಒದ್ದೆ. ಆಮೇಲೆ ಮಾತಾಡದೆ ಎಂಟನೆಯ ಗೆರಟೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟು ಅದಕ್ಕೆ ಒಂದು ಅಡಿಕೆ ಹಾಕಿದೆ. ಟಕ್ ಅಂತ ಸದ್ದಾಯಿತು. ಅತ್ತೆ ಮಗಳು ಆ ಗೆರಟೆಯನ್ನು ಎರಡೂ ಕೈಯಲ್ಲಿ ಎತ್ತಿ, ಸ್ಟೋನ್‌ಹಿಲ್ ಇನ್ ಅಂತ ಬರೆದ ಚೀಟಿಯ ಪಕ್ಕ ಇಟ್ಟಳು.