ಪಾರ್ಸರ್ ಕೋಡ್ ಚೊಕ್ಕ ಮಾಡಿದ್ದು: ನನ್ನ ಅನುಭವ

ಸಿಎಸ್‌ವಿ ಫೈಲ್ (ಸೆಲ್‌ಗಳ ನಡುವೆ ಕಾಮಾ ಹಾಕಿ ಕೋಷ್ಟಕ ಬರೆದಿಟ್ಟ ಪಠ್ಯ ಫೈಲ್) ಓದುವುದೆಂದರೆ ಕಾಮಾ ಸಿಕ್ಕಲ್ಲೆಲ್ಲ ಸಾಲನ್ನು ಕತ್ತರಿಸುವುದು, ಅಷ್ಟೇ ಅಲ್ವಾ? ಅಷ್ಟೇ ಅಲ್ಲ. "ಹಂಪಿ, ವಿಜಯನಗರ" ಎಂದು ಕೋಟ್ ಒಳಗೇ ಕಾಮಾ ಬರಬಹುದು. ಕೋಟ್ ಒಳಗೆ ಸಾಲೇ ಮುರಿಯಬಹುದು. ಸಿಎಸ್‌ವಿ ರೂಪವನ್ನು ವಿವರಿಸುವ 2005ರ ದಾಖಲೆ ಆರ್‌ಎಫ್‌ಸಿ 4180 ಇದನ್ನೆಲ್ಲ ಬರೆದಿಟ್ಟಿದೆ, ಆದರೆ ಎಲ್ಲರ ಫೈಲ್‌ಗಳೂ ಅದರಂತೆ ಇರುವುದಿಲ್ಲ.

ನಾನು ಮತ್ತು ಇನ್ನಿಬ್ಬರು ಸೇರಿ ರಿಫ್ಯಾಕ್ಟರ್ ಮಾಡಿದ (ನಡವಳಿಕೆ ಬದಲಿಸದೆ ಚೊಕ್ಕ ಮಾಡಿದ) ಓಪನ್ ಸೋರ್ಸ್ ಪಾರ್ಸರ್‌ನಲ್ಲಿ, ಅಂದರೆ ಇಂಥ ಫೈಲ್ ಓದಿ ಸೆಲ್‌ಗಳಾಗಿ ಬಿಡಿಸುವ ಪ್ರೋಗ್ರಾಮ್‌ನಲ್ಲಿ, ಈ ಕೆಲಸವೆಲ್ಲ ಒಂದೇ ಉದ್ದನೆಯ ಫಂಕ್ಷನ್‌ನಲ್ಲಿತ್ತು. ಎಲ್ಲಿದ್ದೇವೆ ಎಂದು ನೆನಪಿಡಲು ಬರೀ ಫ್ಲ್ಯಾಗ್‌ಗಳು, ಅಂದರೆ ಹೌದು/ಅಲ್ಲ ಎಂಬ ಗುರುತುಗಳು. ಒಂದನ್ನು ಮುಟ್ಟಿದರೆ ಇನ್ನೆಲ್ಲೋ ಕೆಡುತ್ತಿತ್ತು.

ಹಾಗಾಗಿ ಮೊದಲು ಕೋಡ್ ಮುಟ್ಟಲೇ ಇಲ್ಲ. ಹಳೆಯ ಬಗ್ ದೂರುಗಳಲ್ಲಿದ್ದ ವಿಚಿತ್ರ ಫೈಲ್‌ಗಳನ್ನೆಲ್ಲ ಒಟ್ಟುಮಾಡಿ, ಹಳೆ ಕೋಡ್ ಕೊಟ್ಟ ಔಟ್‌ಪುಟ್ ಅನ್ನೇ ಟೆಸ್ಟ್ ಆಗಿ ಇಟ್ಟೆವು. ತಪ್ಪು ಔಟ್‌ಪುಟ್ ಕೂಡ. ಫೈಲ್ ಕಾಮಾದಲ್ಲೇ ಮುಗಿದರೆ ಕೊನೆಯ ಖಾಲಿ ಸೆಲ್ ಅನ್ನು ಹಳೆ ಕೋಡ್ ನುಂಗುತ್ತಿತ್ತು. ಈಗಲೇ ಸರಿ ಮಾಡೋಣ ಎಂದರು ಜೊತೆಗಾರರು. ನಾನು ಬೇಡ ಎಂದೆ. ಚೊಕ್ಕ ಮಾಡುವುದು ಬೇರೆ, ನಡವಳಿಕೆ ಬದಲಿಸುವುದು ಬೇರೆ. ಎರಡೂ ಒಂದೇ ಪುಲ್ ರಿಕ್ವೆಸ್ಟ್‌ನಲ್ಲಿ (ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ಬಂದರೆ ಪರಿಶೀಲಿಸುವವರಿಗೆ ಏನೂ ಹಿಡಿತಕ್ಕೆ ಸಿಗುವುದಿಲ್ಲ.

ಆಮೇಲೆ ಫ್ಲ್ಯಾಗ್‌ಗಳನ್ನು ತೆಗೆದು ಓದುವಾಗ ಎಲ್ಲಿದ್ದೇವೆ ಎಂದು ಹೇಳುವ 5 ಸ್ಥಿತಿಗಳ ಟೇಬಲ್ ಬರೆದೆವು: ಸಾಲಿನ ಶುರು, ಸೆಲ್‌ನ ಶುರು, ಕೋಟ್ ಇಲ್ಲದ ಸೆಲ್, ಕೋಟ್ ಒಳಗೆ, ಕೋಟ್ ಒಳಗೆ ಇನ್ನೊಂದು ಕೋಟ್ ಕಂಡಾಗ. ಜಾಸ್ತಿ ಚರ್ಚೆ ಆಗಿದ್ದು ಈ ಐದನೆಯದರ ಬಗ್ಗೆ. ಆ ಕೋಟ್ ಸೆಲ್ ಮುಗಿಸುತ್ತದೋ ಇಲ್ಲವೋ ಅಲ್ಲೇ ಗೊತ್ತಾಗುವುದಿಲ್ಲ. ಮುಂದಿನ ಅಕ್ಷರ ನೋಡಬೇಕು. ಮತ್ತೆ ಕೋಟ್ ಇದ್ದರೆ ಅದು ಪಠ್ಯದಲ್ಲಿರುವ ಒಂದು ಕೋಟ್. ಕಾಮಾ ಅಥವಾ ಸಾಲಿನ ಕೊನೆ ಬಂದರೆ ಸೆಲ್ ಮುಗಿಯಿತು. ಬೇರೇನೇ ಬಂದರೂ ಎರರ್. ಟೇಬಲ್‌ನಲ್ಲಿ ಬರೆದಿದ್ದಕ್ಕೆ ಇದನ್ನು ಯಾರು ಬೇಕಾದರೂ ಬೆರಳಿಟ್ಟು ಪರಿಶೀಲಿಸಬಹುದಿತ್ತು.

ಎರರ್ ಮೆಸೇಜ್ ನೋಡಿಕೊಂಡ ಜೊತೆಗಾರರು ಒಳ್ಳೆಯ ಕೆಲಸ ಮಾಡಿದರು. ಕೋಟ್ ಒಳಗೆ ಸಾಲು ಮುರಿದಾಗ ಫೈಲ್‌ನ ಸಾಲಿನ ಸಂಖ್ಯೆ ಮತ್ತು ದಾಖಲೆಯ ಸಂಖ್ಯೆ ಬೇರೆಯಾಗುತ್ತವೆ. ಅವರು ಎರಡನ್ನೂ ತೋರಿಸಿದರು.

ಇಂಡೆಂಟೇಶನ್, ಹೆಸರು ಬದಲಾವಣೆಗೆಲ್ಲ ಪ್ರತ್ಯೇಕ ಕಮಿಟ್ (ಒಟ್ಟಿಗೆ ದಾಖಲಿಸಿದ ಬದಲಾವಣೆ). ಅಂಥ ಕಮಿಟ್‌ಗಳನ್ನು ಬ್ಲೇಮ್‌ನಲ್ಲಿ (ಯಾವ ಸಾಲನ್ನು ಯಾರು ಯಾವಾಗ ಬದಲಿಸಿದರು ಎಂದು ತೋರಿಸುವ ಆಜ್ಞೆ) ಬಿಟ್ಟು ನೋಡುವ ಸೌಲಭ್ಯ, ಕೋಡ್‌ನ ಇತಿಹಾಸ ಇಡುವ ಗಿಟ್‌ನಲ್ಲಿ 2019ರ 2.23 ಆವೃತ್ತಿಯಿಂದಲೂ ಇದೆ. ಸುಮ್ನೆ ಬಳಸದೆ ಬಿಡಬೇಡಿ.

ಖಾಲಿ ಸೆಲ್‌ನ ದೋಷವನ್ನು ಕೊನೆಗೆ, ಪ್ರತ್ಯೇಕವಾಗಿ ಸರಿಪಡಿಸಿದೆವು. ಡಿಫ್‌ನಲ್ಲಿ (ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸದ ಪಟ್ಟಿ) ಕಂಡಿದ್ದು ಟೇಬಲ್‌ನ ಒಂದು ಸಾಲು, ಒಂದು ಟೆಸ್ಟ್‌ನ ಔಟ್‌ಪುಟ್ ಮಾತ್ರ.