ಫ್ರೆಂಚ್ ಕ್ರಿಯಾಪದ: ಕಣ್ಣಿಗೊಂದು ಲೆಕ್ಕ, ಕಿವಿಗೊಂದು ಲೆಕ್ಕ

ಕನ್ನಡದಲ್ಲಿ ಬರೆದದ್ದನ್ನೆಲ್ಲ ಬಾಯಿಬಿಟ್ಟು ಓದುತ್ತೇವೆ. ಫ್ರೆಂಚ್ ಕಲಿಯಲು ಕೂತಾಗ ಈ ಅಭ್ಯಾಸವೇ ಅಡ್ಡ ಬರುತ್ತದೆ. ‘ಮಾತಾಡುತ್ತಾರೆ’ ಎನ್ನಲು ಅಲ್ಲಿ ಪಿ-ಎ-ಆರ್-ಎಲ್-ಇ-ಎನ್-ಟಿ ಎಂದು ಬರೆಯುತ್ತಾರೆ. ‘ಪಾರ್ಲೆಂಟ್’ ಅನ್ನಬೇಕು ಅನಿಸುತ್ತದೆ, ಅಲ್ವಾ? ಹೇಳುವುದು ಬರೀ ‘ಪಾರ್ಲ್’. ಒಂದೇ ಸಿಲೆಬಲ್, ಅಂದರೆ ಒಂದೇ ಸಲಕ್ಕೆ ಉಚ್ಚರಿಸುವ ತುಂಡು.

ಮೊದಲು ಪದವನ್ನು ಬರಹದಲ್ಲಿ ಸಿಲೆಬಲ್‌ಗಳಾಗಿ ಒಡೆಯಿರಿ. ಎರಡು ಸ್ವರಗಳ ನಡುವೆ ಒಂದೇ ವ್ಯಂಜನವಿದ್ದರೆ ಅದು ಮುಂದಿನ ತುಂಡಿಗೆ. ಎರಡಿದ್ದರೆ ಆಚೆಗೊಂದು, ಈಚೆಗೊಂದು: ಪಾರ್-ಲೋಂ, ಅಂದರೆ ‘ಮಾತಾಡುತ್ತೇವೆ’. ವ್ರ, ತ್ರ, ಬ್ಲ ತರಹದ ಜೋಡಿಗಳನ್ನು ಮಾತ್ರ ಮುರಿಯಬೇಡಿ. ‘ತೆರೆಯುವುದು’ ಎಂಬ ಪದ ಊ-ವ್ರೀರ್.

ಆಮೇಲೆ ಮೌನದ ಬಾಲಕ್ಕೆ ಪೆನ್ಸಿಲ್ಲಿನಿಂದ ಗೆರೆ ಎಳೆಯಿರಿ. ವರ್ತಮಾನದಲ್ಲಿ ಕೊನೆಯ ‘ಇ’, ‘ಇ-ಎಸ್’, ‘ಇ-ಎನ್-ಟಿ’ ಮೂರೂ ಮೌನ. ಹಾಗಾಗಿ ನಾನು, ನೀನು, ಅವನು, ಅವರು ನಾಲ್ಕಕ್ಕೂ ಕಿವಿಗೆ ಬೀಳುವುದು ಅದೇ ‘ಪಾರ್ಲ್’. ಈ ‘ಇ-ಎನ್-ಟಿ’ ಕ್ರಿಯಾಪದದ ಬಾಲವಾಗಿದ್ದಾಗ ಮಾತ್ರ ಮೌನ ಎಂಬುದು ನೆನಪಿರಲಿ. ‘ನಿಧಾನವಾಗಿ’ ಎನ್ನುವ ‘ಲಾಂತ್‌ಮಾಂ’ ಪದದ ಕೊನೆಯಲ್ಲೂ ಅದೇ ಮೂರು ಅಕ್ಷರಗಳಿವೆ, ಅಲ್ಲಿ ಮೂಗಿನಿಂದ ‘ಆಂ’ ಅನ್ನಬೇಕು.

ಇನ್ನು ಸರ್ವನಾಮ ಸೇರಿಸಿ ಹೇಳಿ. ಕ್ರಿಯಾಪದವನ್ನು ಸುಮ್ನೆ ಒಂಟಿಯಾಗಿ ಬಾಯಿಪಾಠ ಮಾಡಿದರೆ ಅರ್ಧ ಪಾಠ ಕೈತಪ್ಪುತ್ತದೆ. ‘ಅವನು ಪ್ರೀತಿಸುತ್ತಾನೆ’ ಎಂಬುದು ಇ-ಲೆಮ್. ‘ಅವರು ಪ್ರೀತಿಸುತ್ತಾರೆ’ ಎಂಬುದು ಇಲ್-ಜ಼ೆಮ್. ಸರ್ವನಾಮದ ಕೊನೆಯಲ್ಲಿ ಸುಮ್ಮನಿದ್ದ ‘ಎಸ್’, ಮುಂದೆ ಸ್ವರ ಕಂಡೊಡನೆ ‘ಜ಼’ ಆಗಿ ಎದ್ದುಬಂತು. ಒಬ್ಬನೋ ಹಲವರೋ ಎಂದು ಕಿವಿಗೆ ತಿಳಿಸುವುದು ಆ ಒಂದು ಸದ್ದೇ.

ನನಗೆ ತುಂಬ ಇಷ್ಟವಾದ ಜಾಗ ಇನ್ನೊಂದಿದೆ. ‘ಅವನ ಬಳಿ ಇದೆಯೇ’ ಎಂದು ಕೇಳಲು ‘ಆ’ (ಇದೆ) ಎಂಬ ಕ್ರಿಯಾಪದದ ನಂತರ ‘ಇಲ್’ (ಅವನು) ಬರಬೇಕು. ಎರಡು ಸ್ವರ ಎದುರುಬದುರಾದವು. ನಡುವೆ ಎಲ್ಲಿಂದಲೋ ‘ತ’ ಬಂದು ಆ-ತಿಲ್ ಆಗುತ್ತದೆ. ಮನೆ ಮತ್ತು ಅನ್ನು ಸೇರಿ ‘ಮನೆಯನ್ನು’ ಆಗುವಾಗ ‘ಯ’ ಬರುತ್ತದಲ್ಲ, ಹಾಗೆಯೇ. ಶಾಲೆಯಲ್ಲಿ ಕಲಿತ ಆಗಮ ಸಂಧಿ ಇಲ್ಲಿ ನಿಜಕ್ಕೂ ಕೆಲಸಕ್ಕೆ ಬರುತ್ತದೆ.

ದಕ್ಷಿಣ ಫ್ರಾನ್ಸಿನ ಮಾರ್ಸೇಯ್ ಕಡೆಯವರು ಕೊನೆಯ ‘ಇ’ಯನ್ನು ಮೆಲ್ಲಗೆ ಎಳೆಯುವುದುಂಟು. 12 ಸಿಲೆಬಲ್‌ಗಳ ಹಳೆಯ ಛಂದಸ್ಸಿನಲ್ಲೂ ಮುಂದೆ ವ್ಯಂಜನವಿದ್ದರೆ ಅದು ಲೆಕ್ಕಕ್ಕೆ ಸೇರುತ್ತದೆ. ದಿನದ ಮಾತಿಗೆ ಅದು ಬೇಡ.

ಈಗ ಚಪ್ಪಾಳೆ ತಟ್ಟಿ ಎಣಿಸಿ. ‘ಮುಗಿಸುತ್ತೇವೆ’: ಫಿ-ನಿ-ಸೋಂ, ಮೂರು. ‘ಮುಗಿಸುತ್ತಾರೆ’ ಹಾಳೆಯ ಮೇಲೆ ಮೂರು ತುಂಡು, ಬಾಯಲ್ಲಿ ಎರಡೇ: ಫಿ-ನೀಸ್.